ಕಾಗದ ಬರುವ ಕಿಟಕಿ

ವಿಲಾಕೊಯೊ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಕೂರುವ ಮುದಿ ಗುಮಾಸ್ತ ತಿಬುರ್ಸಿಯೊನಿಗೆ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಂಡ ಹೆಂಗಸರೆಲ್ಲ ಸ್ವಂತ ಹೆಣ್ಣುಮಕ್ಕಳ ಹಾಗೆ. ಮೂರು ತಾಸು ಬೆಟ್ಟ ಇಳಿದು ಬಂದವರಿಗೆ ಮೊದಲು ದಣಿವಾರಲು ಜಗಿಯುವ ಕೋಕಾ ಎಲೆ ಒಂದು ಹಿಡಿ ಕೊಡುತ್ತಾನೆ, ಅವರು ಉಣ್ಣೆಗೆ ಸಾಕಿದ ಲಾಮಾಗಳ ಯೋಗಕ್ಷೇಮ ಕೇಳುತ್ತಾನೆ, ಫಲಿತಾಂಶ ಬಂದಿಲ್ಲವೆಂದು ಗೊತ್ತಿದ್ದರೂ ಕನ್ನಡಕ ಒರೆಸಿಕೊಂಡು ಕಾಗದದ ಕಟ್ಟನ್ನು ಎರಡೆರಡು ಸಲ ಹುಡುಕುತ್ತಾನೆ. "ಪಟ್ಟಣದ ಪ್ರಯೋಗಾಲಯದಿಂದ ಇನ್ನೂ ಬಂದಿಲ್ಲಮ್ಮ, ಮುಂದಿನ ವಾರ ಬಾ." "ನಿನ್ನ ಮುಂದಿನ ವಾರ ಬರೋದ್ರೊಳಗೆ ನನ್ನ ಲಾಮಾ ಗಬ್ಬಾಗಿ ಮರಿ ಹಾಕಿರುತ್ತೆ, ತಾತ!" ಎಂದು ಬೆಟ್ಟದ ಮೇಲಿನ ಕೇರಿಯ ಸತುರ್ನಿನಾ ಅಣಕಿಸಿದಾಗ ಅವಳಿಗಿಂತ ಜೋರಾಗಿ ನಕ್ಕವನು ಅವನೇ. ಐದು ಸಲ ಬಂದು ಅವಳು ಬರುವುದನ್ನೇ ಬಿಟ್ಟಳು. ಅದನ್ನು ನೋಡಿ ಅವಳ ಕೇರಿಯ ಹೆಂಗಸರು ಪರೀಕ್ಷೆಯನ್ನೇ ಬಿಟ್ಟರು. ಪರೀಕ್ಷೆಯಾದ ಹನ್ನೊಂದನೆಯ ತಿಂಗಳಿಗೆ ಅವಳ ಕಾಗದ ಬಂತು, ಕೆಟ್ಟ ಸುದ್ದಿ ಹೊತ್ತು. ತಿಬುರ್ಸಿಯೊ ಕಿಟಕಿ ಮುಚ್ಚಿ, ಮಂಡಿನೋವಿನಲ್ಲೇ ಬೆಟ್ಟ ಹತ್ತಿದ. ಬಾಗಿಲು ತೆಗೆದ ಸೊಸೆ ಫೆಲಿಸಾ ಕಪ್ಪು ಶಾಲು ಹೊದ್ದಿದ್ದಳು. "ಅತ್ತೆ ಹೋಗಿ ಇಪ್ಪತ್ತು ದಿನ ಆಯ್ತು, ತಾತ." ಅವನು ಕಾಗದವನ್ನು ಮಡಚಿ ಜೇಬಿಗಿಟ್ಟ. "ನೀನಾದ್ರೂ ಪರೀಕ್ಷೆ ಮಾಡಿಸ್ಕೊ, ಮಗಳೇ." "ಮಾಡಿಸ್ಕೋತೀನಿ. ಕಾಗದ ಯಾರು ತರ್ತಾರೆ?" ಈಗ ಪ್ರತಿ ಗುರುವಾರ ಮಾದರಿಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನೇ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗುತ್ತಾನೆ, ಹಿಂದಿನ ವಾರದ ಕಾಗದಗಳು ಕೈಗೆ ಸಿಗುವವರೆಗೂ ಪ್ರಯೋಗಾಲಯದ ಬೆಂಚಿನಿಂದ ಏಳುವುದಿಲ್ಲ. ಸತುರ್ನಿನಾಳ ಕೇರಿಯಿಂದ ಇದುವರೆಗೆ ಡಬ್ಬಿ ಸೇರಿರುವುದು ಫೆಲಿಸಾಳ ಮಾದರಿಯ ಒಂದೇ ಒಂದು ಸೀಸೆ.