ಮುಚ್ಚಳವೆಂದ ತಪ್ಪಿಗೆ

ನಮ್ಮ ಅಡುಗೆಮನೆಯಲ್ಲಿ ಯಾವ ಪಾತ್ರೆಗೂ ಅದರದೇ ಮುಚ್ಚಳ ಸಿಗುವುದಿಲ್ಲ. ಹುಳಿಯ ಮೇಲೆ ಊಟದ ತಟ್ಟೆ, ಹಾಲಿನ ಮೇಲೆ ಕುಕ್ಕರಿನ ಮುಚ್ಚಳ, ಸಾರಿನ ಮೇಲೆ ಕೆಲವೊಮ್ಮೆ ಜರಡಿ. ನಿಮ್ಮ ಮನೆಯಲ್ಲಿ ಹೀಗಿಲ್ಲವೆಂದರೆ ನಾನಂತೂ ನಂಬುವವನಲ್ಲ. ಈ ಮುಚ್ಚಳಶಾಸ್ತ್ರದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಒಂದು ಬೆಳ್ಳಿಯ ತಟ್ಟೆಯಿಂದ.

ತರೀಕೆರೆಯಲ್ಲಿ ಇಂಗ್ಲಿಷ್ ದೊರೆಯೊಬ್ಬ ಬಂಗಲೆ ಖಾಲಿ ಮಾಡಿದಾಗ ನಡೆದ ಹರಾಜಿಗೆ, ಮೇಜು ತರುತ್ತೇನೆಂದು ಹೋದ ನಮ್ಮ ತಾತ ಸ್ನೇಹಿತ ಖಾದರ್ ಸಾಹೇಬರ ಜೊತೆಗೂಡಿ ಬೆಳ್ಳಿ ಪಾತ್ರೆ ಹಿಡಿದು ಬಂದರಂತೆ. ಅದರಲ್ಲೊಂದು ಕಡೂರಿನ ನಮ್ಮ ಮನೆಯಲ್ಲಿ ತಾಂಬೂಲದ ತಟ್ಟೆಯಾಗಿದೆ. ಅಂಥದೇ ಇನ್ನೊಂದು ಅಜ್ಜಂಪುರದಲ್ಲಿ ಅಪ್ಪನ ತಂಗಿ ಸರೋಜತ್ತೆಯ ಮನೆಯಲ್ಲಿದೆ. ಅದರ ತಳದಲ್ಲಿ ಮಾತ್ರ ಅರ್ಥವಾಗದ ಒಂದು ಕಚ್ಚು. ಸಾಹೇಬರ ಪಾಲಿಗೆ ಬಂದದ್ದು ಒಂದು ಬೆಳ್ಳಿ ಹಿಡಿ, ಅದು ತರೀಕೆರೆಯ ಅವರ ಮನೆಯ ಬೀರುವಿನ ಬಾಗಿಲಿಗಿದೆ.

ನಿವೃತ್ತಿಯ ಸೋಮಾರಿತನದಲ್ಲಿ ಮೊಬೈಲು ತಿಕ್ಕುತ್ತಿದ್ದಾಗ, ಬೆಂಗಳೂರಿನ ಹರಾಜೊಂದರ ಚಿತ್ರಗಳಲ್ಲಿ ನಮ್ಮದರಂಥದೇ ತಟ್ಟೆ ಕಂಡಿತು. ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೊಂದು ಹಿಡಿ. ಹಿಡಿಯನ್ನು ತಿರುಗಿಸಿ ತೆಗೆದು ಮುಚ್ಚಳವನ್ನು ಅಂಗಾತ ಇಟ್ಟರೆ ಅದೂ ಒಂದು ತಟ್ಟೆ! ಅಬ್ಬಾ, ದೊರೆಗಳ ಬುದ್ಧಿಯೇ ಎಂದು ತಲೆದೂಗಿದೆ. ಅತ್ತೆಯ ತಟ್ಟೆಯ ಕಚ್ಚು, ಸಾಹೇಬರ ಮನೆಯ ಬೀರುವಿಗಿರುವ ಬೆಳ್ಳಿ ಹಿಡಿ, ಎರಡರ ಗುಟ್ಟೂ ಒಂದೇ ಕ್ಷಣಕ್ಕೆ ಬಯಲಾಯಿತು. ಹರಾಜಿನವರಿಗೆ ಫೋನು ಮಾಡಿದರೆ, ಮೂರೂ ಸೇರಿದ್ದರೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ಹಣಕ್ಕಿಂತ ಕುತೂಹಲವೇ ನನ್ನನ್ನು ಹೊರಡಿಸಿತೆಂದರೆ ಹೆಂಡತಿ ಈಗಲೂ ನಗುತ್ತಾಳೆ.

ತರೀಕೆರೆಯಲ್ಲಿ ಸಾಹೇಬರ ಸೊಸೆ ಫಾತಿಮಾಬಿ ತಾವೇ ಬೀರುವಿನ ಹಿಡಿ ಬಿಚ್ಚಿಕೊಟ್ಟರು. "ತಗೊಂಡ್ಹೋಗ್ರೀ, ಬಾಗ್ಲು ಎಳ್ಯೋಕೆ ದಾರ ಕಟ್ಕೋತೀವಿ. ಏನಾಯ್ತು ಅಂತ ಬಂದ್ ಹೇಳ್ಬೇಕು ಮತ್ತೆ!"

ಅಜ್ಜಂಪುರದಲ್ಲಿ ಅತ್ತೆಯ ಮೇಜಿನ ಮೇಲೆ ನಮ್ಮ ತಟ್ಟೆಯಿಟ್ಟು, ಅವರದನ್ನು ಬೋರಲು ಹಾಕಿ, ಹಿಡಿ ತಿರುಗಿಸಿದೆ. ಟಕ್ಕೆಂದು ಕೂತಿತು. ಅಷ್ಟು ವರ್ಷ ಮೂರು ಊರುಗಳಲ್ಲಿ ಚದುರಿದ್ದು ಒಂದಾದ ಖುಷಿಗೆ ನಾನು ಕೂಗಿಯೇಬಿಟ್ಟೆ: "ನೋಡಿ ಅತ್ತೆ, ನಿಮ್ದು ತಟ್ಟೆನೇ ಅಲ್ಲ, ನಮ್ಮನೇದ್ರ ಮುಚ್ಚಳ! ಮೂರೂ ಸೇರಿಸಿ ಹರಾಜಿಗೆ ಕೊಡೋಣ."

ಅತ್ತೆ ಬೆಳ್ಳಿಯ ಮೇಲೆ ಒಮ್ಮೆ ಕೈಯಾಡಿಸಿದರು.

"ಹೊಲ, ಮನೆ ಎಲ್ಲಾ ನಿಮ್ಮಪ್ಪಂಗೆ ಹೋಯ್ತು. ಹೆಣ್ಮಗಳಿಗ್ಯಾಕೆ ಅಂದ್ಬಿಟ್ರು. ಇದೊಂದ್ರಲ್ಲಿ ಮಾತ್ರ ನಮ್ಮಪ್ಪ, ಅಣ್ಣಂಗೊಂದು ತಟ್ಟೆ, ನಿಂಗೊಂದು ತಟ್ಟೆ ಅಂತ ಸಮನಾಗಿ ಹಂಚಿದ್ರು ಕಣೋ. ಇಷ್ಟು ವರ್ಷ ಆದ್ಮೇಲೆ ಬಂದು ಮುಚ್ಚಳ ಅಂತೀಯಲ್ಲೋ!"

ನನಗೆ ನಾಚಿಕೆಯಾಯಿತು. ಇಂಗ್ಲಿಷ್ ಬೆಳ್ಳಿಯ ಪೂರ್ವೋತ್ತರವನ್ನೆಲ್ಲ ಶೋಧಿಸಿದ ಮಹಾಪಂಡಿತನಿಗೆ, ಪಾಲಿನಲ್ಲಿ ತನ್ನ ಅಪ್ಪನಿಗೆ ಬಂದದ್ದೆಷ್ಟು, ಅತ್ತೆಗೆ ಬಂದದ್ದೆಷ್ಟು ಎಂದು ಕೇಳುವ ಕುತೂಹಲ ಒಂದು ದಿನವೂ ಹುಟ್ಟಿರಲಿಲ್ಲ. ತಪ್ಪಾಯ್ತತ್ತೆ ಎಂದು ಹಿಡಿ ಬಿಚ್ಚಿ, ಅವರ ತಟ್ಟೆಯನ್ನು ಅಂಗಾತ ಮಾಡಿ ಇಟ್ಟೆ. ಅವರು ಅದರಲ್ಲೇ ಎಲೆ ಅಡಿಕೆ ಇಟ್ಟು ನನ್ನ ಮುಂದೆ ಹಿಡಿದರು.

ಬರುವಾಗ ಹಿಡಿಯನ್ನು ಫಾತಿಮಾಬಿಯವರ ಬೀರುವಿಗೆ ಸಿಕ್ಕಿಸಿ, ನಡೆದದ್ದನ್ನೆಲ್ಲ ಹೇಳಿ ಬಂದೆ. ಹರಾಜಿನವರಿಗೆ ಮತ್ತೆ ಫೋನು ಮಾಡಿಲ್ಲ.

ಆ ರಾತ್ರಿ ಊಟವಾದ ಮೇಲೆ ಹೆಂಡತಿ ಕೋಣೆಯಿಂದ ಕೂಗಿದಳು: "ಹುಳಿಗೆ ಮುಚ್ಚಳ ಮುಚ್ಚಿದ್ರಾ?"

"ಮುಚ್ಚಳ ಅಲ್ಲ ಕಣೇ," ಎಂದೆ, "ತಟ್ಟೆ ಇಟ್ಟಿದೀನಿ."