ಪಿ.ಪಿ. ನಂಬರಿನ ಮನೆ

ಒಗ್ಗರಣೆಗೆ ಸಾಸಿವೆ ಹಾಕಿದ ಗಳಿಗೆಯನ್ನೇ ಕಾದು ಬಡಿದುಕೊಳ್ಳುವ ಗುಣ ನಮ್ಮ ಮನೆಯ ಫೋನಿಗಿತ್ತು. ಅವೆರಡಕ್ಕೂ ಅದೇನು ಜನ್ಮಾಂತರದ ಒಪ್ಪಂದವೋ, ಸೌಟು ಬಿಸಾಡಿ ಹಜಾರಕ್ಕೆ ಓಡಿ ರಿಸೀವರ್ ಎತ್ತಿದರೆ ಆ ಕಡೆಯಿಂದ, "ಸ್ವಲ್ಪ ಎದುರುಮನೆ ತಿಪ್ಪಮ್ಮನ್ನ ಕರೀತೀರಾ?" ಎಂಬ ದನಿ. ನಾನು ಬೀದಿಗಿಳಿದು ತಿಪ್ಪಮ್ಮನನ್ನು ಕೂಗಿ ಬರುವಷ್ಟರಲ್ಲಿ ಕರಿಬೇವು ಕರಕಲಾಗಿ, ಮನೆಯೆಲ್ಲ ಹೊಗೆ ತುಂಬಿರುತ್ತಿತ್ತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲುಗಳ ಹಿಂದಿನ ನಮ್ಮ ಬೀದಿಯಲ್ಲಿ ಫೋನಿದ್ದದ್ದು ನಮ್ಮ ಮನೆಯೊಂದರಲ್ಲೇ. ಅರ್ಜಿ ಹಾಕಿ, ಕಾದು, ಆಸೆ ಬಿಟ್ಟ ಮೇಲೆ ತಂತಿ ಬಂದಾಗ ನಾವು ಬೀದಿಗೆಲ್ಲ ಪೇಡ ಹಂಚಿದೆವು. ಪೇಡ ತಿಂದವರೆಲ್ಲ ನಂಬರನ್ನೂ ಕೇಳಿ ಪಡೆದರೆಂಬುದು ಆಮೇಲೆ ಅರಿವಿಗೆ ಬಂತು. ನಾನು ಮುಖ ಕಾಣದವರ ಲಗ್ನಪತ್ರಿಕೆಗಳಲ್ಲೆಲ್ಲ ನಮ್ಮ ನಂಬರು, ಅದರ ಮುಂದೆ 'ಪಿ.ಪಿ.' ಎಂಬ ಎರಡಕ್ಷರ. ಫೋನು ನೆರೆಮನೆಯವರದು, ಅವರು ಕರೆದುಕೊಡುತ್ತಾರೆ ಎಂದು ಅದರ ತಾತ್ಪರ್ಯ. ಕರೆದುಕೊಡುವ ಆ 'ಅವರು' ಎಂದರೆ ನಾನು!

ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನಾನು, ಬೆಂಕಿಯಿಂದ ಚಕ್ರಕ್ಕೆ, ಚಕ್ರದಿಂದ ಉಗಿಯಂತ್ರಕ್ಕೆ ಮಾನವಕುಲ ಹೇಗೆ ದಾಪುಗಾಲಿಟ್ಟಿತೆಂದು ಮಕ್ಕಳೆದುರು ವರ್ಷವರ್ಷವೂ ಬಣ್ಣಿಸಿದವಳು. ಫೋನು ಬಂದ ಮೇಲೆ ಆ ಪಾಠ ನನ್ನ ಬಾಯಲ್ಲೇ ಕಹಿಯಾಗತೊಡಗಿತು. ಬೆಂಕಿಯನ್ನು ಕಂಡುಹಿಡಿದವನನ್ನು ಹೊಗಳುತ್ತೇವಲ್ಲ, ಅದು ಆರದಂತೆ ಕಣ್ಣುರಿಸಿಕೊಂಡು ಕೂತವಳು ಯಾರು? ದೂರವನ್ನು ಅಳಿಸಿತೆಂದು ದೂರವಾಣಿಯನ್ನು ಪುಸ್ತಕ ಕೊಂಡಾಡುತ್ತದೆ. ನನ್ನ ಹಜಾರದಿಂದ ತಿಪ್ಪಮ್ಮನ ಬಾಗಿಲವರೆಗಿನ ದೂರವನ್ನು ಮಾತ್ರ ನಾನೇ ನಡೆಯಬೇಕಿತ್ತು. ಪ್ರತಿ ಹೊಸ ಯಂತ್ರದ ಹಿಂದೆಯೂ ಹೀಗೆ ಗೊಣಗುತ್ತ ಓಡಾಡಿದವರೊಬ್ಬರು ಇದ್ದೇ ಇರುತ್ತಾರೆಂದೂ, ಚರಿತ್ರೆ ಅವರ ಗೊಣಗಾಟವನ್ನು ಬರೆದಿಡಲಿಲ್ಲವೆಂದೂ ನನಗೆ ಆಗ ಖಾತ್ರಿಯಾಯಿತು.

ತಿಪ್ಪಮ್ಮ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೂಲಿಯವಳು, ನನಗಿಂತ ಹಿರಿಯಳು. ಒಬ್ಬಳೇ ಮಗಳು ಸುಜಾತಳನ್ನು ಮೊಳಕಾಲ್ಮೂರಿನಲ್ಲಿ ಮಗ್ಗದ ಕೆಲಸ ಮಾಡುವವನಿಗೆ ಕೊಟ್ಟಿದ್ದಳು. ಪ್ರತಿ ಭಾನುವಾರ ಸುಜಾತ ಅಲ್ಲಿಯ ಅಂಗಡಿಯೊಂದರಿಂದ ಫೋನು ಮಾಡುತ್ತಿದ್ದಳು, ಅತ್ತೆ ಪಕ್ಕದಲ್ಲೇ ನಿಂತಿರುತ್ತಿದ್ದಳಂತೆ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ತಂತಿಯ ಮೇಲೆ ನಂಬಿಕೆಯಿಲ್ಲದೆ ಮೊಳಕಾಲ್ಮೂರಿಗೇ ನೇರ ಮುಟ್ಟುವಂತೆ ಕೂಗುವುದು ತಿಪ್ಪಮ್ಮನ ರೂಢಿ. ಭಾನುವಾರದ ಮಧ್ಯಾಹ್ನದ ನಿದ್ದೆಯ ಆಸೆಯನ್ನು ನಾನು ಯಾವತ್ತೋ ಕೈಬಿಟ್ಟಿದ್ದೆ.

ಒಂದು ಭಾನುವಾರ ಅವಳು ಕೂಗಲಿಲ್ಲ. "ಚೆನ್ನಾಗಿದೀಯಾ?" ಅಂದವಳು, ಆ ಕಡೆಯ ದನಿ ಕೇಳಿ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಆಮೇಲೆ ರಿಸೀವರಿಗೆ ಸೆರಗು ಮರೆಮಾಡಿ ಮೆಲ್ಲನೆ ಹೇಳಿದಳು: "ನೀನೇನೂ ಮಾತಾಡಬ್ಯಾಡ. ನಾನು ಕೇಳ್ತೀನಿ, ನೀನು ಬರೀ ಹೂಂ ಅನ್ನು, ಇಲ್ಲಾ ಊಹೂಂ ಅನ್ನು."

ಬಟ್ಟೆ ಮಡಿಸುತ್ತಿದ್ದ ನಾನು ಎದ್ದು ಹೋಗಬೇಕಿತ್ತು; ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸತೊಡಗಿದೆ.

"ಹೊಟ್ಟೆ ತುಂಬ ಉಣ್ತೀಯಾ?"

"ಹೊಡೀತಾರಾ?"

"ಅತ್ತೇನಾ?"

"ಮತ್ತೆ, ಅವ್ನಾ?"

ಉತ್ತರಗಳು ನನಗೆ ಕೇಳಿಸಲಿಲ್ಲ. ಒಂದೊಂದು ಪ್ರಶ್ನೆಯಾದ ಮೇಲೂ ತಿಪ್ಪಮ್ಮನ ಮುಖ ಬಿಗಿಯುತ್ತ ಹೋದದ್ದನ್ನು ಮಾತ್ರ ಕಂಡೆ. ಕೊನೆಗೆ ಅವಳು, "ಕರ್ಕಂಡು ಬರ್ಲಾ?" ಎಂದು ಕೇಳಿ, ಬಂದ ಉತ್ತರಕ್ಕೆ ತಲೆಯಾಡಿಸಿ, ರಿಸೀವರನ್ನು ಮೆಲ್ಲಗೆ ಇಟ್ಟಳು.

"ಟೀಚರಮ್ಮ, ನಾಳಿಕ್ಕೆ ನನ್ ಜತೆ ಬರ್ರಿ."

"ನಾನ್ಯಾಕ್ರೀ ತಿಪ್ಪಮ್ಮ? ನಾಳೆ ಸ್ಕೂಲೈತೆ."

"ನಿಮ್ ಫೋನ್‌ನಾಗೆ ಕೇಳಿದ್ದು ಇದು. ಸಾಕ್ಷಿ ನೀವೇ ಅಲ್ವೇನ್ರಿ?"

ಈ ತರ್ಕಕ್ಕೆ ಏನು ಹೇಳುತ್ತೀರಿ, ಹೇಳಿ! ರಜೆ ಹಾಕಿ, ಮನಸ್ಸಿನಲ್ಲೇ ಟೆಲಿಫೋನಿನ ಜನಕನಿಗೆ ಶಾಪ ಹಾಕುತ್ತ, ಬೆಳಗಿನ ಬಸ್ಸು ಹತ್ತಿದೆ. ಕುರುಚಲು ಗಿಡಗಳ ಗುಡ್ಡಗಳು, ಕುರಿಮಂದೆಗಳು ಹಿಂದೆ ಸರಿಯುತ್ತಿದ್ದವು. ಆ ಸೀಮೆಯ ಬ್ರಹ್ಮಗಿರಿಯ ಬಂಡೆಯಲ್ಲಿ ಚಕ್ರವರ್ತಿಯೊಬ್ಬ ತನ್ನ ಮಾತು ಕೆತ್ತಿಸಿ ಎರಡು ಸಾವಿರ ವರ್ಷಗಳ ಮೇಲಾಯಿತು. ತಂದೆತಾಯಿಯರ ಮಾತು ಕೇಳಿ, ಜೀವಿಗಳಲ್ಲಿ ದಯೆಯಿಡಿ ಎಂಬ ಒಳ್ಳೆಯ ಮಾತೇ ಅದು. ಉಳಿಯೂ ಲಿಪಿಯೂ ಅಂದಿನ ದೊಡ್ಡ ತಂತ್ರಜ್ಞಾನವೇ ಸರಿ. ಆದರೆ ಅದು ಒಂದೇ ಕಡೆಯಿಂದ ಮಾತಾಡುತ್ತಿತ್ತು. ಬಂಡೆಯ ಮುಂದೆ ಕುರಿ ಅಟ್ಟಿಕೊಂಡು ಹೋದ ಹೆಂಗಸು ಮನೆಯಲ್ಲಿ ತನಗೆ ದಯೆ ಸಿಗುತ್ತಿಲ್ಲವೆಂದು ಚಕ್ರವರ್ತಿಗೆ ಹೇಗೆ ಹೇಳಬೇಕಿತ್ತು? ಒಂದು ಹೂಂ ತಿರುಗಿ ಬರುವುದಕ್ಕೆ ಇಷ್ಟು ಶತಮಾನ ಹಿಡಿಯಿತಲ್ಲ ಎಂದು, ಶಾಪ ಹಾಕುತ್ತಿದ್ದವಳಿಗೆ ಮೈ ಜುಮ್ಮೆಂದಿತು.

ಮೊಳಕಾಲ್ಮೂರಿನ ಮನೆಯಲ್ಲಿ ಅಳಿಯ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ನಮ್ಮನ್ನು ಕಂಡವನು ಮಗ್ಗ ನಿಲ್ಲಿಸಿದ, ಮೇಲೇಳಲಿಲ್ಲ. ತಿಪ್ಪಮ್ಮ ಹೊಡೆತದ ಮಾತೆತ್ತಿದ್ದೇ ಸುಜಾತಳ ಅತ್ತೆ ತೆಲುಗು ಬೆರೆಸಿ ರೇಗಿದಳು:

"ಏಮಮ್ಮಾ, ಯಾರು ಹೇಳಿದ್ರು ಹೊಡೀತಾರೆ ಅಂತ? ಫೋನ್ ಮಾಡುವಾಗ ನಾನು ಪಕ್ಕದಾಗೇ ಇದ್ದೆ. ಬರೀ ಹೂಂ ಊಹೂಂ ಅಂದ್ಲು, ಅಷ್ಟೇ!"

"ಹೌದು, ಅಷ್ಟೇ ಅಂದ್ಲು," ಅಂದಳು ತಿಪ್ಪಮ್ಮ. "ನಾನು ಏನ್ ಕೇಳ್ದೆ ಅಂತ ನೀವು ಕೇಳಿಸ್ಕಂಡ್ರಾ?"

ಅತ್ತೆ ಮಗನ ಕಡೆ ನೋಡಿದಳು. ಅವನು ನೇಯುತ್ತಿದ್ದ ಸೀರೆಯ ಅಂಚನ್ನು ನೋಡುತ್ತಿದ್ದ. ಒಳಗಿನಿಂದ ಸುಜಾತ ಬಂದಳು. ಚೀಲವನ್ನು ಆಗಲೇ ಕಟ್ಟಿಟ್ಟಿದ್ದಳು. ಕುತ್ತಿಗೆಯ ಪಕ್ಕದಲ್ಲಿ ಹೆಪ್ಪುಗಟ್ಟಿದ ನೀಲಿ ಬಾಸುಂಡೆ. ಅದನ್ನು ಕಂಡ ಮೇಲೆ ಯಾವ ಸಾಕ್ಷಿಯೂ ಬೇಕಿರಲಿಲ್ಲ; ಅವಳನ್ನು ಕರೆದುಕೊಂಡೇ ಊರಿಗೆ ಮರಳಿದೆವು.

ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ಅಳಿಯ ದಿನಾಲೂ ನಮ್ಮ ಮನೆಗೆ ಫೋನು ಮಾಡತೊಡಗಿದ. ಒಮ್ಮೆ ಅಳು, ಒಮ್ಮೆ ಬೈಗುಳ. ಊಟಕ್ಕೆ ಕೂರುವಂತಿಲ್ಲ, ಸ್ನಾನಕ್ಕೆ ಹೋಗುವಂತಿಲ್ಲ. ರೋಸಿಹೋದ ನಮ್ಮ ಯಜಮಾನರು, "ತಂತೀನೇ ಕಿತ್ತುಹಾಕ್ತೀನಿ" ಎಂದು ಎದ್ದೇಬಿಟ್ಟರು. ಅಂದು ಸುಜಾತ ತಾನಾಗಿ ಬಂದು ರಿಸೀವರ್ ತೆಗೆದುಕೊಂಡಳು. ನಮ್ಮ ಹಜಾರದ ಕಿಟಕಿ ಬೀದಿಗೇ ತೆರೆದಿತ್ತು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರೆಲ್ಲ ಕಿವಿಯಾದರು.

"ನಾನು ಬರಲ್ಲ," ಅಂದಳು. "ಆವತ್ತು ನಿಮ್ಮವ್ವ ಪಕ್ಕದಾಗೆ ಇದ್ಲು, ಹೂಂ ಅಂದಿದ್ದೆ. ಇವತ್ತು ಜೋರಾಗೇ ಹೇಳ್ತಿದೀನಿ, ಬೀದಿಯವ್ರೆಲ್ಲ ಕೇಳ್ಲಿ. ಬರಲ್ಲ."

ಅವನು ಮತ್ತೆ ಫೋನು ಮಾಡಲಿಲ್ಲ. ಸುಜಾತ ತಾಯಿಯ ಜೊತೆ ಮಿಲ್ಲಿಗೆ ಹೋದಳು, ಹೊಲಿಗೆ ಕಲಿತಳು, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಿಷಿನ್ನು ಹಾಕಿಕೊಂಡಳು. ಕೋರ್ಟಿಗೆ ಅಲೆದಲೆದು ಬಿಡುಗಡೆಯೂ ಸಿಕ್ಕಿತು.

ಕೆಲವು ವರ್ಷಗಳಲ್ಲಿ ಬೀದಿಯವರ ಜೇಬುಗಳಿಗೆಲ್ಲ ಮೊಬೈಲು ಬಂತು. ನನ್ನನ್ನು ಓಡಿಸುವವರಿಲ್ಲದೆ ನಾನು ಆರಾಮಾಗಿರಬೇಕಿತ್ತು. ಅದಕ್ಕೂ ಒಂದು ಕಿರಿಕಿರಿ ಹುಟ್ಟಿಕೊಂಡಿತು. ಯಾರ ಮನೆಯಲ್ಲಿ ಏನಾಗುತ್ತಿದೆಯೋ, ಯಾರಿಗೂ ಗೊತ್ತಾಗದು. ನಮ್ಮ ಹಜಾರದಲ್ಲಿ ನಿಂತು ಆಡಿದ ಮಾತಿಗೆ ಬೀದಿಯೇ ಕಾವಲಿತ್ತು. ಅಂಗೈಯೊಳಗೆ ಪಿಸುಗುಟ್ಟಿದ ನೋವಿಗೆ ಕಾವಲು ಯಾರು? ಹೊಸದೊಂದು ಬಂದಾಗ ಅದು ಕೊಡುವುದನ್ನು ಎಲ್ಲರೂ ಮೊದಲೇ ಸಾರುತ್ತಾರೆ, ಒಯ್ಯುವುದನ್ನು ಮಾತ್ರ ಯಾರೂ ಹೇಳುವುದಿಲ್ಲವಲ್ಲ ಎಂದು ಸಿಡುಕುತ್ತಲೇ ಒಂದು ಸಂಜೆ ತಿಪ್ಪಮ್ಮನ ಜಗಲಿಯ ಮೇಲೆ ಹೋಗಿ ಕೂತೆ.

ಅವಳೂ ಸಿಡುಕುತ್ತಲೇ ಇದ್ದಳು. "ನೋಡ್ರಿ ಟೀಚರಮ್ಮ, ಇವ್ಳು ಆ ಮೊಬೈಲ್ ಹಿಡ್ಕಂಡು ಮಾಳಿಗೆ ಹತ್ತಿ ಕುಂತವ್ಳೆ. ಹಿರಿಯೂರಿನಾಗೆ ಯಾವನೋ ಟೈಲರ್ ಅವ್ನಂತೆ, ಒಳ್ಳೇವ್ನಂತೆ. ಏನ್ ಮಾತಾಡ್ತಾಳೋ, ಒಂದೂ ಕೇಳಲ್ಲ."

ನಾನೂ ಕಿವಿಗೊಟ್ಟೆ. ನಿಜಕ್ಕೂ ಒಂದು ಮಾತೂ ಕೇಳಿಸಲಿಲ್ಲ. ಆಮೇಲೆ ಮಾಳಿಗೆಯಿಂದ ಸುಜಾತಳ ನಗು ಕೆಳಗಿಳಿಯಿತು. ತಡೆದುಕೊಳ್ಳಲಾಗದೆ, ಬಾಯಿಗೆ ಸೆರಗು ಅಡ್ಡ ಹಿಡಿಯಲೂ ಮರೆತು, ಬೀದಿಯ ತುದಿಯವರೆಗೂ ಕೇಳುವಂಥ ನಗು.

ತಿಪ್ಪಮ್ಮ ಬೈಯಲು ತೆರೆದ ಬಾಯನ್ನು ಮುಚ್ಚಿ, ನನ್ನ ಕಡೆ ತಿರುಗದೆ, ಜಗಲಿಯ ಮೇಲೆ ನಗು ಇಳಿದು ಬಂದ ಕಡೆಗೆ ಸ್ವಲ್ಪ ಸರಿದು ಕೂತಳು.