ಮಹೇಂದ್ರ ಮೇಸ್ತ್ರಿಯ ಎರಡು ಬೆರಳು

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಬಸ್ಸಲ್ಲಿ ಹೋಗುವಾಗ ಹೊಲಗಳ ಮಧ್ಯೆ ಮೂತಿ ಎತ್ತಿ ನಿಂತಿರುವ ಹೊಗೆಸೊಪ್ಪಿನ ಬ್ಯಾರನ್‌ಗಳನ್ನು ನೋಡಿರುತ್ತೀರಿ. ಹಸಿ ಸೊಪ್ಪನ್ನು ಕಾವಿನಲ್ಲಿ ಹದ ಮಾಡುವ, ಮನೆಗಿಂತ ಎತ್ತರದ ಇಟ್ಟಿಗೆ ಗೂಡುಗಳು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅವುಗಳ ಅರ್ಧದಷ್ಟನ್ನು ಕಟ್ಟಿದವನು ಗಾರೆ ಮಹೇಂದ್ರ. ಅರ್ಧ ಅನ್ನೋದು ಅವನ ಲೆಕ್ಕ. ನನ್ನ ಲೆಕ್ಕದಲ್ಲಿ ಕಾಲುಭಾಗ. ಜಂಬದಲ್ಲಿ ಅವನು ಯಾವತ್ತೂ ಬಡವನಲ್ಲ.

ನಾನು ಅವನನ್ನು ಸರಿಯಾಗಿ ಕಂಡಿದ್ದು ಒಂದು ಚಳವಳಿಯಲ್ಲಿ. ಹೊಗೆಸೊಪ್ಪಿಗೆ ಬೆಲೆ ಬಿದ್ದ ವರ್ಷ, ಒಂದು ಕಚೇರಿಯ ಗೇಟಿಗೆ ಅಡ್ಡಲಾಗಿ ಗೋಡೆ ಕಟ್ಟಿ ಬಾಗಿಲು ಮುಚ್ಚೋಣ ಅಂತ ನಾವು ರೈತಸಂಘದವರು ತೀರ್ಮಾನಿಸಿದೆವು. ಇಟ್ಟಿಗೆ, ಸಿಮೆಂಟು ಟ್ರ್ಯಾಕ್ಟರಿನಲ್ಲಿ ಬಂತು. ಕಟ್ಟುವವನು ಬೇಕಲ್ಲ, ಗಾರೆ ಸಣ್ಣಬೀರಯ್ಯನ ಮಗ ಈ ಮಹೇಂದ್ರ ಬಂದ. ಆಗಿನ್ನೂ ಮೀಸೆ ಕುಡಿಯೊಡೆಯುತ್ತಿದ್ದ ಹುಡುಗ. ನಾವು ಗಂಟಲು ಹರಿಯೋ ಹಂಗೆ ಧಿಕ್ಕಾರ ಕೂಗ್ತಾ ಇದ್ದೀವಿ, ಪೊಲೀಸರ ವ್ಯಾನು ಬಂದು ನಿಂತಿದೆ, ಇವನು ತೂಕದ ಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿಕೊಂಡು ದಾರ ನೋಡ್ತಾ ಕೂತಿದ್ದಾನೆ.

"ಲೇ, ಅದೇನು ಅರಮನೆ ಏನ್ಲಾ? ಬೇಗ ಬೇಗ ಜೋಡ್ಸು!" ಅಂದೆ.

"ಸೊಟ್ಟಗೋಡೆ ಕಟ್ಟಿದ್ರೆ ನಾಳೆ ಯಾರು ಕಟ್ಟಿದ್ದು ಅಂತ ನನ್ನ ಎಸರು ಏಳಲ್ವೇನಣ್ಣ?" ಅಂದು, ಹತ್ತಿರ ಬಂದ ಇನ್ಸ್‌ಪೆಕ್ಟರಿಗೆ, "ಸಾರ್, ಒಸಿ ಆ ಕಡೀಕೆ ನಿಂತ್ಕಳಿ, ದಾರ ಅಳ್ಳಾಡ್ತೈತೆ" ಅಂದ. ಆ ಯಪ್ಪ ನಿಜವಾಗಲೂ ಪಕ್ಕಕ್ಕೆ ಸರಿದು ನಿಂತ. ಆಮೇಲೆ ನನ್ನನ್ನೂ ಅವನನ್ನೂ ಒಂದೇ ವ್ಯಾನಿನಲ್ಲಿ ತುಂಬಿದರು ಅನ್ನಿ. ಆ ಗೋಡೆ ಒಡೆಯಲು ಕಚೇರಿಯವರು ಬೆವರು ಸುರಿಸಿದರಂತೆ. ಠಾಣೆಯಲ್ಲಿ ಆ ಸುದ್ದಿ ಕೇಳಿ ಇವನು ಮದುವೆಗಂಡಿನ ಹಾಗೆ ನಾಚಿಕೊಂಡ.

ಇಂಥ ಹುಡುಗನಿಗೆ ಒಂದೇ ಒಂದು ಹುಚ್ಚು. ಆಯ. ಮನೆಯ ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದಿದ್ದರಲ್ಲಿ ಸಿಂಹ ಬಂತೋ ಕಾಗೆ ಬಂತೋ ನೋಡುವ ಲೆಕ್ಕ. ಸಿಂಹ, ಆನೆ, ಬಸವ, ಬಾವುಟ ಬಂದರೆ ಮನೆಯವರು ನೆಮ್ಮದಿಯಾಗಿರ್ತಾರೆ. ಕಾಗೆ, ನಾಯಿ, ಕತ್ತೆ, ಹೊಗೆ ಬಂದರೆ ಇರಲ್ಲ. ಒಳ್ಳೆಯದು ಬಾರದಿದ್ದರೆ ಗೋಡೆಯನ್ನು ಎರಡು ಬೆರಳು ಆಚೆಗೋ ಈಚೆಗೋ ಸರಿಸಿ ಬರುವಂತೆ ಮಾಡ್ತಾರೆ. ಅಪ್ಪ ಕಲಿಸಿದ್ದು, ಮಗ ಬಿಡಲಿಲ್ಲ. ಇಂಜಿನಿಯರು ನಕ್ಷೆ ಕೊಡಲಿ, ಗುತ್ತಿಗೆದಾರ ಬಯ್ಯಲಿ, ಇವನು ಬೆರಳು ಮಡಚಿ ಎಣಿಸಿ, ಪಾಯದಲ್ಲೇ ಎರಡು ಬೆರಳು ಸರಿಸಿಬಿಡೋನು. ಯಾರಿಗೂ ತಿಳಿಯುತ್ತಿರಲಿಲ್ಲ. ಈ ವಿಷಯಕ್ಕೆ ನನಗೂ ಅವನಿಗೂ ಎಷ್ಟು ಜಗಳವಾಗಿದೆಯೋ. "ಕಾಗೆಗೂ ನಿನ್ನ ಗೋಡೆಗೂ ಏನ್ಲಾ ಸಂಬಂಧ?" ಅಂತ ನಾನು. "ಅಣ್ಣ, ನಿನ್ನ ಮನೇನೂ ನಮ್ಮಪ್ಪನೇ ಕಟ್ಟಿದ್ದು. ಗಜಾಯ. ಅದ್ಕೇ ಇಷ್ಟು ಕೇಸಾದ್ರೂ ಉಂಡ್ಕೊಂಡು ಗುಂಡುಕಲ್ಲಿನಂಗಿದೀಯ" ಅಂತ ಅವನು.

ಆಮೇಲೆ ಬ್ಯಾರನ್ ಕಟ್ಟಿಸೋರು ಕಮ್ಮಿಯಾದರು. ಮನೆ ಕಟ್ಟಲು ಸಿಮೆಂಟ್ ಬ್ಲಾಕು ಬಂತು, ಅದರ ಹಿಂದೆಯೇ ಉತ್ತರ ಭಾರತದ ಕಡೆಯ ಹುಡುಗರ ತಂಡಗಳು ಬಂದವು. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರೇ. ಮಹೇಂದ್ರ ಕಬಿನಿ ಅಣೆಕಟ್ಟಿನ ಹತ್ತಿರ ಬೀಚನಹಳ್ಳಿ ಸೀಮೆಯ ಒಂದು ರೆಸಾರ್ಟಿಗೆ ಸೇರಿಕೊಂಡ. ಅಲ್ಲಿ ಕಟ್ಟುವ ಕೆಲಸ ಏನೂ ಇಲ್ಲ. ಕಟ್ಟಿದ್ದನ್ನು ಕಾಯುವ ಕೆಲಸ. ನಲ್ಲಿ ತೊಟ್ಟಿಕ್ಕಿದರೆ ಬಿಗಿ ಮಾಡೋದು, ಕೋತಿ ಕಿತ್ತ ಹೆಂಚು ಹೊದಿಸೋದು, ಬಾತ್‌ರೂಮಿನ ಟೈಲ್ಸ್ ಅಂಟಿಸೋದು. ಮೇಸ್ತ್ರಿ ಅಂತ ಕರೆಯೋರು ಯಾರೂ ಇಲ್ಲ. "ಏ ಮೇಂಟೆನೆನ್ಸ್" ಅಂತಾರೆ. ಅದೊಂದೇ ಅವನಿಗೆ ತಡೆಯಲಾಗದ್ದು. ಹೆಂಡತಿ ಪ್ರಮೀಳಾ ಮುಂದೆ ಹೇಳಿಕೊಂಡು ಸಪ್ಪಗೆ ಕೂರುತ್ತಿದ್ದನಂತೆ.

ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ನನ್ನ ಮನೆಗೆ ಬಂದರು. ಮಸ್ಕತ್ತಿನ ಒಂದು ಕಂಪನಿ, ಮನೆ ಕಟ್ಟುತ್ತದೆ, ಕಟ್ಟಿದ ಮನೆಗಳನ್ನು ಬಾಡಿಗೆಗೆ ಕೊಟ್ಟು ತಾನೇ ನೋಡಿಕೊಳ್ಳುತ್ತದೆ. ವೀಸಾ, ಟಿಕೆಟ್ಟು, ಇರೋಕೆ ರೂಮು ಎಲ್ಲ ಅವರದೇ. ಗಾರೆಯವರು ಬೇಕಂತೆ. ಮೈಸೂರಿನ ಹೊರಗೆ ಒಂದು ಗೋಡೌನಿನಲ್ಲಿ ಕೈಕೆಲಸದ ಪರೀಕ್ಷೆ.

"ನಲವತ್ತೆರಡು ದಾಟಿದೋರ್ನ ತಗಳಲ್ವಂತೆ ಕಣಣ್ಣ" ಅಂದಳು ಪ್ರಮೀಳಾ. "ಇವ್ರಿಗೆ ಬರೋ ತಿಂಗ್ಳು ತುಂಬ್ತದೆ. ಇದ್ ಬುಟ್ರೆ ಇನ್ನಿಲ್ಲ."

"ಪರದೇಶಕ್ಕೆ ಹೋಗಿ ಏನ್ ಕಡಿದು ಕಟ್ಟೆ ಹಾಕ್ತೀಯ್ಲಾ?" ಅಂತ ಮಹೇಂದ್ರನನ್ನು ಕೇಳಿದೆ.

ಅವನು ನೆಲ ನೋಡಿಕೊಂಡು ಹೇಳಿದ: "ಕಾಗದದಾಗೆ ಮೇಸ್ತ್ರಿ ಅಂತ ಬರ್ದು ಕರೀತಾವ್ರೆ ಕಣಣ್ಣ. ಒಂದ್ಸಲ ಓಗ್ ಬತ್ತೀನಿ."

ಇದಕ್ಕೆ ನಾನೇನು ಹೇಳಲಿ? ಪರದೇಶಕ್ಕೆ ಆಳು ಕಳಿಸೋ ಏಜೆಂಟರ ಜಾತಿ ನನಗೆ ಗೊತ್ತು. ಎನ್. ಬೇಗೂರಿನ ಕಡೆಯ ಇಬ್ಬರನ್ನು ಹೋಟೆಲ್ ಕೆಲಸ ಅಂತ ಕರೆದುಕೊಂಡು ಹೋಗಿ ಒಂಟೆ ಮೇಯಿಸಲು ಬಿಟ್ಟ ಕಥೆ ಕೇಳಿದ್ದೆ. ಸರ್ಕಾರದಲ್ಲಿ ನೋಂದಣಿಯಾದ ಏಜೆಂಟೇ ಹೌದೋ ಅಲ್ಲವೋ ಅಂತ ವಿಚಾರಿಸಿ, ಹೌದು ಅಂತ ಖಾತ್ರಿಯಾದ ಮೇಲೆ, ಪರೀಕ್ಷೆಯ ದಿನ ನಾನೂ ಹೆಗಲಿಗೆ ಟವಲು ಹಾಕಿಕೊಂಡು ಜೊತೆಗೆ ಹೊರಟೆ.

ಪರೀಕ್ಷೆ ಮಾಡುವವನು ಶಶಿ ಅಂತ, ಕಂಪನಿಯ ಫೋರ್‌ಮನ್. ಗಡಿಯಾಚೆ ಮಾನಂದವಾಡಿಯವನು. ಅರ್ಧ ಕನ್ನಡ, ಅರ್ಧ ಮಲಯಾಳ. ಒಬ್ಬೊಬ್ಬರಿಗೂ ಒಂದೊಂದು ನಕ್ಷೆ ಕೊಟ್ಟ. ಒಂದು ಪುಟ್ಟ ಕೋಣೆಯ ಗೋಡೆ, ಸೊಂಟದ ಎತ್ತರ, ಬಾಗಿಲಿಗೆ ಜಾಗ ಬಿಟ್ಟು. ಸಂಜೆಯವರೆಗೆ ಸಮಯ. ಮಹೇಂದ್ರ ನಕ್ಷೆ ನೋಡಿದ. ಬೆರಳು ಮಡಚಿದ. ತುಟಿ ಅಲ್ಲಾಡಿತು. ಹೋಗಿ ತಡೆಯೋಣ ಅಂದರೆ ನಮ್ಮಂಥವರನ್ನು ಹಗ್ಗದಾಚೆ ನಿಲ್ಲಿಸಿದ್ದರು.

ಊಟದ ಹೊತ್ತಿಗೆ ಎಲ್ಲರಿಗಿಂತ ಮೊದಲು ಮುಗಿಸಿ, ಕರಣೆ ತೊಳೆದಿಟ್ಟು, ಬೀಡಿ ಹಚ್ಚಿದ. ಗೋಡೆ ನೋಡಬೇಕಿತ್ತು ನೀವು. ಇಟ್ಟಿಗೆಯ ವರಸೆ ವರಸೆಯೂ ದಾರ ಹಿಡಿದ ಹಾಗೆ. ಶಶಿ ರಸಮಟ್ಟ ಇಟ್ಟು ನೋಡಿ ತಲೆದೂಗಿದ. ಗುಂಡು ಬಿಟ್ಟು ನೋಡಿ ತಲೆದೂಗಿದ. ಟೇಪು ಹಿಡಿದವನು ಮತ್ತೊಮ್ಮೆ ಹಿಡಿದ. ನಕ್ಷೆ ನೋಡಿದ.

"ಎಂದಾ ಇದು? ಏನಿದು ಮೇಸ್ತ್ರಿ? ಒಂದು ಕಡೆ ಉದ್ದ ಜಾಸ್ತಿ ಉಂಟಲ್ಲ?"

"ಎರಡು ಬೆಳ್ಳು ಸಾರ್" ಅಂದ ಮಹೇಂದ್ರ, ಉಪಕಾರ ಮಾಡಿದವನ ಹಾಗೆ. "ನಿಮ್ಮ ನಕ್ಷೇಲಿ ಕಾಕಾಯ ಬತ್ತಿತ್ತು. ಸಿಂಹಾಯ ಮಾಡ್ ಕೊಟ್ಟಿವ್ನಿ."

ನಾನು ಟವಲಿನಿಂದ ಮುಖ ಮುಚ್ಚಿಕೊಂಡೆ.

ಶಶಿ ನಗಲಿಲ್ಲ. "ಆಯ ನಂಗೂ ಗೊತ್ತುಂಟು. ನಮ್ಮ ಅಜ್ಜ ಮರದ ಆಚಾರಿ, ಅವರೂ ನೋಡ್ತಿದ್ರು. ಆದ್ರೆ ಅಲ್ಲಿ ಒಂದೇ ಅಚ್ಚಿನ ಮನೆ ಸಾಲಿಗೆ ಸಾಲು. ಬಾಗಿಲು, ಅಡುಗೆಮನೆ ಕಪಾಟು ಎಲ್ಲ ಫ್ಯಾಕ್ಟರಿಯಿಂದ ರೆಡಿ ಬರ್ತದೆ. ನೀನು ಎರಡು ಬೆರಳು ಸರಿಸಿದ್ರೆ ಯಾವುದೂ ಕೂರೋದಿಲ್ಲ. ಫೇಲ್ ಮಾಡ್ಬೇಕು." ಗಡಿಯಾರ ನೋಡಿದ. "ನೀನು ಬೇಗ ಮುಗಿಸಿದ್ದೀಯ, ಟೈಮ್ ಉಂಟು. ಕೆಡವಿ ನಕ್ಷೆಯ ಹಾಗೇ ಕಟ್ಟು. ಅದು ಸರಿಯಾದ್ರೆ ಪಾಸ್."

ಯಾರಾದರೂ ಆಗಿದ್ದರೆ ಎದ್ದು ಕೆಡವುತ್ತಿದ್ದರು. ಇವನು ಹಗ್ಗದ ಹತ್ತಿರ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಆಗಕ್ಕಿಲ್ಲ ಕಣಣ್ಣ. ಗೊತ್ತಿದ್ದೂ ಗೊತ್ತಿದ್ದೂ ಕಾಗೆ ಲೆಕ್ಕದಾಗೆ ಎಂಗ್ ಕಟ್ಲಿ? ಕೈ ಬರಕ್ಕಿಲ್ಲ."

"ನಿನ್ನ ಕಾಗೆ ಮನೆ ಹಾಳಾಗ! ಸಂಜೆಗೆ ಕೆಡವೋ ಗೋಡೆ ಕಣ್ಲಾ ಅದು! ಅದ್ರೊಳಗೆ ಯಾರ್ಲಾ ಬಾಣಂತನ ಮಾಡ್ತಾರೆ?" ಅಂತ ಕೂಗಿದೆ. ಸಂಘದ ಸಭೆಗಳಲ್ಲಿ ಎಷ್ಟು ಭಾಷಣ ಮಾಡಿದ್ದೀನಿ, ಆವತ್ತು ಒಂದು ಮಾತೂ ಅವನೊಳಗೆ ಇಳಿಯಲಿಲ್ಲ. ಬೀಡಿ ಆರಿತ್ತು, ಮತ್ತೆ ಹಚ್ಚಿದ. ಪಕ್ಕದವರ ಗೋಡೆಗಳು ಏಳುತ್ತಿದ್ದವು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದ, ಆದರೆ ಏಳಲೊಲ್ಲ.

ನನಗೆ ಸೋಲು ಒಪ್ಪಿಕೊಂಡು ರೂಢಿಯಿಲ್ಲ. ಆದರೂ ಪ್ರಮೀಳಾಗೆ ಫೋನು ಹಚ್ಚಿದೆ. ಹೊಗೆಸೊಪ್ಪಿನ ಹೊಲದಲ್ಲಿ ಕುಡಿ ಮುರಿಯುತ್ತಿದ್ದಳು. ನಡೆದದ್ದು ಹೇಳಿದೆ.

"ಕೊಡಣ್ಣ ಅವ್ರ್ ಕೈಗೆ. ಜೋರಾಗಿ ಕೇಳೋ ಅಂಗೆ ಮಾಡಿ ಕೊಡು" ಅಂದಳು.

ಕೊಟ್ಟೆ.

"ರೀ. ನೀವು ಇಷ್ಟ್ ಬ್ಯಾರನ್ ಕಟ್ಟಿದ್ರಲ್ಲ, ಎಷ್ಟಕ್ಕೆ ಆಯ ನೋಡಿದ್ರಿ?"

ಮಹೇಂದ್ರ ಬೀಡಿಯ ಬೂದಿ ಕೊಡವಿದ.

"ಬಾಯ್ ಬುಡಿ."

"ಬ್ಯಾರನ್ಗೆ ಯಾರಮ್ಮಿ ನೋಡ್ತಾರೆ? ಅದು ಪ್ಲಾನ್ ಪರ್ಕಾರ ಕಟ್ಟೋದು. ಒಳಗೆ ಸೊಪ್ಪು ತಾನೆ ಇರೋದು, ಮನ್ಸರಾ?"

"ಈ ಗೋಡೇಲಿ ಸೊಪ್ಪಾದ್ರೂ ಐತಾ? ಎದ್ದು ಕಟ್ರಿ ಅತ್ಲಾಗೆ! ನಾನಿಲ್ಲಿ ಬಿಸ್ಲಲ್ಲಿ ಸಾಯ್ತಾವ್ನಿ, ಇವ್ರು ಸಿಂಹ ಆನೆ ಎಣಿಸ್ಕೊಂಡು ಕೂತವ್ರೆ!"

ಫೋನು ಇಟ್ಟಳು. ಮಹೇಂದ್ರ ಬೀಡಿ ಎಸೆದ. "ಅದೂ ಸರೀನೆ" ಅಂದ, ಯಾರಿಗೂ ಅಲ್ಲ, ತನಗೇ. ನಾನು ಅಷ್ಟು ಹೊತ್ತು ಬಡಕೊಂಡಿದ್ದೇನು, ಇವಳು ಹೇಳಿದ್ದೇನು! ಕಾಗೆ ಇಲ್ಲ ಅಂತ ನಾನು ವಾದ ಮಾಡಿದ್ದೆ. ಅವಳು ಕಾಗೆಯನ್ನು ಅದರ ಪಾಡಿಗೆ ಬಿಟ್ಟು, ಅದಕ್ಕೆ ಇಲ್ಲಿ ಕೆಲಸವಿಲ್ಲ ಅಂತ ಹೇಳಿದಳು, ಅಷ್ಟೇ.

ಆಮೇಲೆ ಅವನು ಕೆಲಸ ಮಾಡಿದ ರೀತಿ! ಹಸಿ ಗೋಡೆ ಬಿಚ್ಚಿ, ಇಟ್ಟಿಗೆಗಳ ಗಾರೆ ಕೆರೆದು, ಶುರುವಿನಿಂದ ಶುರು ಮಾಡಿದ. ಬೆವರು ಮೂಗಿನ ತುದಿಯಿಂದ ಗಾರೆಗೇ ಬೀಳುತ್ತಿತ್ತು. ಒಂದು ಸಲವೂ ಬೆರಳು ಮಡಚಲಿಲ್ಲ. ಶಶಿ ಸೀಟಿ ಊದುವ ಹೊತ್ತಿಗೆ ಕೊನೆಯ ಇಟ್ಟಿಗೆ ಕೂರಿಸಿ ಕೈ ತೆಗೆದ. ಟೇಪು ಹಿಡಿದ ಶಶಿ ಈ ಸಲ ಎರಡನೇ ಸಲ ಹಿಡಿಯಲಿಲ್ಲ.

"ಪಾಸ್" ಅಂದ. "ರೆಸಾರ್ಟಲ್ಲಿ ನಲ್ಲಿ, ಟೈಲ್ಸ್ ಎಲ್ಲ ಮಾಡಿದ್ದೀಯಲ್ಲ, ಮೊದಲ ವರ್ಷ ಕಟ್ಟೋದು, ಆಮೇಲೆ ಮನೆಗಳ ಉಸ್ತುವಾರಿಗೆ ಹಾಕ್ತೇನೆ. ಮೇಸ್ತ್ರಿ ಅಂತಲೇ ವೀಸಾ."

ನಾನು ಹೋಗಿ ಅವನ ಬೆನ್ನಿಗೆ ಗುದ್ದಿದೆ. ಎಲ್ಲರೂ ಚಹಾ ಕುಡಿಯಲು ಹೊರಟರು. ಇವನು ಅಲ್ಲಾಡಲಿಲ್ಲ.

"ಸಾರ್, ಇದ್ನ ಯಾವಾಗ ಕೆಡವ್ತೀರಾ?"

"ನಾಳೆ ಹುಡುಗರು ಬರ್ತಾರೆ."

"ನಾಳೆ ಗಂಟ ಇದು ನಿಂತಿರಾದು ಬ್ಯಾಡ ಸಾರ್. ವಾಚ್‌ಮನ್ ಗೀಚ್‌ಮನ್ ಒಳಗೆ ಮಲಗಿಬುಟ್ರೆ?"

ಶಶಿ ಈಗ ನಕ್ಕ. ಎಷ್ಟು ನಕ್ಕ ಅಂದರೆ ಕಣ್ಣೊರೆಸಿಕೊಳ್ಳಬೇಕಾಯಿತು. "ಕೆಡವು ಚೇಟ್ಟಾ, ನೀನೇ ಕೆಡವು ಅಣ್ಣಾ" ಅಂದ. ಮಹೇಂದ್ರ ತಾನು ಕಟ್ಟಿದ, ತನಗೆ ವೀಸಾ ಕೊಡಿಸಿದ ಗೋಡೆಯನ್ನು ಬುಡದವರೆಗೂ ಬಿಚ್ಚಿ, ಇಟ್ಟಿಗೆಗಳನ್ನು ಒಪ್ಪವಾಗಿ ಪೇರಿಸಿಟ್ಟ. ಹುಣಸೂರಿನ ಬಸ್ಸು ತಪ್ಪಿತು. ನಾನು ಬಯ್ದುಕೊಂಡೇ ಅವನ ಕೈಗೆ ಇಟ್ಟಿಗೆ ಎತ್ತಿಕೊಡುತ್ತಾ ನಿಂತಿದ್ದೆ.

ಹೊರಡುವ ದಿನ ನಾನು ಹೇಳಿದ್ದು ಒಂದೇ: ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಬೇಡ, ಕೇಳಿದರೆ ಶಶಿಗೆ ಹೇಳು, ಶಶಿಯೇ ಕೇಳಿದರೆ ನನಗೆ ಹೇಳು. ಈಗ ಅವನು ಹೋಗಿ ಎರಡನೇ ವರ್ಷ. ಒಂದು ಸಾಲು ಮನೆಗಳ ಉಸ್ತುವಾರಿ ಅವನದು. ಶುಕ್ರವಾರ ರಜೆ, ಅವತ್ತು ಫೋನು ಮಾಡ್ತಾನೆ. ಬಿಸಿಲು ನಮ್ಮ ಬ್ಯಾರನ್ ಒಳಗಿನ ಹಾಗಂತೆ, ಅನ್ನ ಪರವಾಗಿಲ್ಲವಂತೆ, ಮುದ್ದೆ ತಾನೇ ಮಾಡಿಕೊಳ್ಳುತ್ತಾನಂತೆ. ಪಾಸ್‌ಪೋರ್ಟು ಅವನ ಹತ್ತಿರವೇ ಇದೆ, ನಾನು ಪ್ರತಿ ಸಲ ಕೇಳ್ತೀನಿ. ದುಡಿಯೋರಿಗೆ ಅಲ್ಲಿ ಸಂಘ ಕಟ್ಟೋದು ಸುಲಭವಲ್ಲ ಅನ್ನೋದು ನನಗೆ ಕೊರೆಯುತ್ತಲೇ ಇದೆ.

ಮೊನ್ನೆ ಒಂದು ಶುಕ್ರವಾರ ಕೇಳಿದೆ: "ಲೇ, ನೀನು ನೋಡ್ಕೊಳ್ಳೋ ಮನೆಗಳೆಲ್ಲ ಯಾವ ಆಯ್ಲಾ?"



"ಒಂದೂ ಸರಿಯಿಲ್ಲ ಕಣಣ್ಣ" ಅಂದ ದನಿ ತಗ್ಗಿಸಿ. "ಅದ್ಕೇಯ ದಿನಾ ಎಲ್ಲಾ ಮನೆ ಬಾಗ್ಲೂ ತಟ್ಟಿ, ಉಸಾರಾಗಿದೀರಾ ಅಂತ ಕೇಳ್ಕಂಡು ಬತ್ತೀನಿ."